ಸಂಕಲ್ಪವಿಲ್ಲದ ಕೊಲೆ

ಹಿಟ್ಟಿನ ಕೋಳಿಯೊಂದನ್ನು ದೇವಿಯ ಮುಂದೆ ಕಡಿದ ಮಾತ್ರಕ್ಕೆ ಅರಸನೊಬ್ಬನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ತಿರ್ಯಗ್ಯೋನಿಗಳನ್ನು ಹೊಕ್ಕು, ನವಿಲಾಗಿ, ನಾಯಿಯಾಗಿ, ಮೀನಾಗಿ, ಆಡಾಗಿ ಬೆಂದು, ಕಟ್ಟಕಡೆಗೆ ಜೋಡಿ ಕೋಳಿಗಳಾಗಿ ಹುಟ್ಟಿ, ಕೂಗಿದ ದನಿಯನ್ನೇ ಗುರಿಯಾಗಿ ಹಿಡಿದು ಬಾಣವೆಸೆದ ತಮ್ಮ ಕುಲದ ಕುಡಿಯಿಂದಲೇ ಹತರಾಗುವ ಕಥೆಯನ್ನು ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯೆಂಬ ಕಾವ್ಯವಾಗಿ ನಮಗೆ ಕೊಟ್ಟನು. ಕತ್ತಿಗೆ ಸಿಕ್ಕಿದುದು ಪ್ರಾಣವಿಲ್ಲದ ಪಿಷ್ಟ. ಆದರೂ ಕೊಲ್ಲುವೆನೆಂಬ ಭಾವವು ಕೈಯನ್ನೆತ್ತಿಸಿದುದರಿಂದ, ಕೊಂದ ಪಾಪವು ಎಳ್ಳಷ್ಟೂ ಕಡಿಮೆಯಿಲ್ಲದೆ ಅಂಟಿಕೊಂಡಿತು. ಸಂಕಲ್ಪವೇ ಹಿಂಸೆಯ ಬೀಜವೆಂಬ ಜೈನಮತವನ್ನು ಇದಕ್ಕಿಂತ ಕಠೋರವಾಗಿ, ಇದಕ್ಕಿಂತ ಸುಂದರವಾಗಿ ಹೇಳಿದ ಕೃತಿ ಕನ್ನಡದಲ್ಲಿ ಬೇರೊಂದಿಲ್ಲವೆಂದು ನನ್ನ ಎಣಿಕೆ.

ನನ್ನನ್ನು ಬಹುಕಾಲದಿಂದ ಕಾಡಿದ ಪ್ರಶ್ನೆಯು ಈ ಕಥೆಯ ವಿಪರ್ಯಯ. ಪ್ರಾಣವಿಲ್ಲದೆಡೆಯಲ್ಲಿಯೂ ಸಂಕಲ್ಪವಿದ್ದ ಕಾರಣ ಪಾಪವಾಯಿತೆಂಬುದನ್ನು ಒಪ್ಪೋಣ; ಹಾಗಾದರೆ ಸಂಕಲ್ಪವೇ ಇಲ್ಲದೆಡೆಯಲ್ಲಿ, ಯಾರೂ ಬಿಲ್ಲೆತ್ತದೆ, ಯಾರೂ ಕೋಪಗೊಳ್ಳದೆ, ಯಾರಿಗೂ ಅದರ ಮಾಂಸದ ಆಸೆಯಿಲ್ಲದೆ, ಒಂದು ಸೀಮೆಯ ಹಕ್ಕಿಗಳ ಸಂತತಿಗೆ ಸಂತತಿಯೇ ಕರಗಿಹೋದರೆ ಅದು ಯಾರ ಲೆಕ್ಕಕ್ಕೆ ಬರತಕ್ಕುದು? ಈ ಪ್ರಶ್ನೆ ನನಗೆ ಬಸದಿಯ ಪ್ರಾಂಗಣದಲ್ಲಿ ಹುಟ್ಟಲಿಲ್ಲ. ಧಾರವಾಡದ ಕಡೆಯಿಂದ ಕೃಷಿಶಾಸ್ತ್ರದ ವ್ಯಾಸಂಗಕ್ಕೆಂದು ಹೋದ ನಾನು ಅಮೆರಿಕದ ಅಯೋವಾ ರಾಜ್ಯದ ಏಮ್ಸ್ ಪಟ್ಟಣದಲ್ಲಿದ್ದ ಕಾಲದಲ್ಲಿ, ಗೋವಿನಜೋಳದ ಹೊಲಗಳ ನಡುವೆ ಬಾಳಿ, ಪ್ರತಿ ಹಂಗಾಮಿನಲ್ಲಿಯೂ ಬೇಟೆಯಾಡಿ ಮುಪ್ಪಾದ ಒಬ್ಬ ಹಿರಿಯ ರೈತರ ಬಾಯಿಂದ ಹಕ್ಕಿಗಳ ಕಥೆಗಳನ್ನು ಕೇಳುತ್ತಿದ್ದಾಗ ಹುಟ್ಟಿತು.

ಅವರು ಹೇಳುತ್ತಿದ್ದ ಹಕ್ಕಿ ಫೆಸೆಂಟ್. ನಮ್ಮ ಕಾಡುಕೋಳಿಯೂ ನವಿಲೂ ಸೇರಿದ ಕುಲವೇ ಅದರ ಕುಲ. ಹುಂಜದ ಮೈ ತಾಮ್ರವರ್ಣ, ಕತ್ತು ಹಸುರು ಮಿಂಚುವ ಕಪ್ಪು, ಅದರ ಬುಡದಲ್ಲಿ ಬಿಳಿಯ ಕಂಠಾಭರಣದಂತಹ ಒಂದು ಬಳೆ, ಕೆನ್ನೆಯಲ್ಲಿ ಕುಂಕುಮದ ಕೆಂಪು, ಹಿಂದೆ ಅಡ್ಡಗೆರೆಗಳ ಉದ್ದ ಬಾಲ. ಹೇಂಟೆಯೋ ಒಣಹುಲ್ಲಿನ ಬಣ್ಣದ ಬಡವಿ. ಈ ಹಕ್ಕಿ ಆ ನೆಲದ್ದಲ್ಲವೆಂಬುದು ಕುತೂಹಲದ ಸಂಗತಿ. ಶಾಂಘೈಯಲ್ಲಿ ಅಮೆರಿಕದ ರಾಯಭಾರದ ಅಧಿಕಾರಿಯಾಗಿದ್ದ ಓವೆನ್ ಡೆನ್ನಿ ಎಂಬುವರು ಚೀನದಿಂದ ಹಡಗೇರಿಸಿ ಕಳುಹಿಸಿದ ಹಕ್ಕಿಗಳು 1882ರ ಸುಮಾರಿಗೆ ಪಶ್ಚಿಮತೀರದ ಆರೆಗಾನಿನಲ್ಲಿ ಬೇರೂರಿದವು. ಅಯೋವಾಕ್ಕೆ ಅವು ಬಂದುದು ಇನ್ನೂ ವಿಚಿತ್ರ ರೀತಿಯಲ್ಲಿ: ಇಪ್ಪತ್ತನೆಯ ಶತಮಾನದ ಹೊಸ್ತಿಲಿನಲ್ಲಿ ಸೀಡರ್ ಫಾಲ್ಸ್ ಊರಿನ ಹಕ್ಕಿಸಾಕಣೆಯ ಆವರಣವೊಂದನ್ನು ಬಿರುಗಾಳಿಯು ಕೆಡವಿ, ಸುಮಾರು ಎರಡು ಸಾವಿರ ಹಕ್ಕಿಗಳನ್ನು ಬಯಲಿಗೆ ಬಿಟ್ಟಿತು. 1925ರ ಹೊತ್ತಿಗೆ ಬೇಟೆಯ ಹಂಗಾಮನ್ನು ತೆರೆಯುವಷ್ಟು ಅವು ಹೆಚ್ಚಿದವು. ನೆರೆಯ ದಕ್ಷಿಣ ಡಕೋಟಾದಲ್ಲಿ 1945ರಲ್ಲಿ ಅವುಗಳ ಸಂಖ್ಯೆ ಒಂದು ಕೋಟಿ ಅರುವತ್ತು ಲಕ್ಷವೆಂದು ಅಂದಾಜಾಗಿತ್ತು. ಅದಕ್ಕೆ ಎರಡು ವರ್ಷ ಮೊದಲೇ ಆ ರಾಜ್ಯವು ಪರದೇಶದ ಈ ಪಕ್ಷಿಯನ್ನು ತನ್ನ ರಾಜ್ಯಪಕ್ಷಿಯಾಗಿ ವರಿಸಿತ್ತು. ಆ ಬಯಲುಗಳ ಮೂಲನಿವಾಸಿಯಾದ ಹುಲ್ಲುಗಾವಲಿನ ಕೋಳಿಯೊಂದು, ನೇಗಿಲು ಹುಲ್ಲನ್ನು ಮಗುಚಿದಂತೆಲ್ಲ ಹಿಂದೆ ಸರಿದಿದ್ದ ಜಾಗದಲ್ಲಿ ಈ ಅತಿಥಿಯು ನೆಲೆಸಿತೆಂಬುದನ್ನೂ ಮರೆಯಬಾರದು. ಅಯೋವಾವನ್ನು ಒಂದು ಕಾಲಕ್ಕೆ ಹೊದ್ದಿದ್ದ ಎತ್ತರದ ಹುಲ್ಲುಗಾವಲಿನಲ್ಲಿ ಈಗ ಉಳಿದಿರುವುದು ಸಾವಿರಕ್ಕೆ ಒಂದು ಪಾಲಿಗಿಂತಲೂ ಕಡಿಮೆ.

ಹಿರಿಯರ ನೆನಪುಗಳಿಗೆ ಬರುತ್ತೇನೆ. ಅಕ್ಟೋಬರಿನ ಕೊನೆಯಲ್ಲಿ ಹಂಗಾಮು ತೆರೆಯುವ ಶನಿವಾರವು ಅವರ ಬಾಲ್ಯದಲ್ಲಿ ಹಬ್ಬದ ದಿನವಾಗಿತ್ತಂತೆ. ನಗರಗಳಿಗೆ ಹೋಗಿ ನೆಲೆಸಿದ ಮಕ್ಕಳು, ಅಳಿಯಂದಿರು, ಅವರ ಸ್ನೇಹಿತರು ಹಿಂದಿನ ರಾತ್ರಿಯೇ ಬಂದು ಸೇರುವರು. ಬೆಳಗಿನ ಮಂಜು ಹರಿದ ಮೇಲೆ ಗಂಡಸರು ಸಾಲಾಗಿ, ನಮ್ಮ ಮಲೆನಾಡಿನವರು ಹಳು ಸೋವುವ ಕ್ರಮವನ್ನು ಹೋಲುವಂತೆ, ಒಣಗಿದ ಜೋಳದ ದಂಟುಗಳ ನಡುವೆ ನಾಯಿಗಳನ್ನು ಮುಂದೆ ಬಿಟ್ಟು ನಡೆಯುವರು. ಹೊಲದ ಆಚೆಯ ತುದಿಯಲ್ಲಿ ಇನ್ನು ಕೆಲವರು ಬಂದೂಕು ಹಿಡಿದು ಉಸಿರು ಬಿಗಿಹಿಡಿದು ನಿಲ್ಲುವರು. ಫೆಸೆಂಟ್ ಹಾರುವುದಕ್ಕಿಂತ ಓಡುವುದನ್ನೇ ಬಯಸುವ ಹಕ್ಕಿ. ಸಾಲಿನ ಕೊನೆಯವರೆಗೂ ಓಡಿ, ಓಡಲು ದಾರಿಯಿಲ್ಲದೆ, ಕಾಲ ಬುಡದಿಂದಲೇ ಎಂಬಂತೆ ರೆಕ್ಕೆಗಳ ಅಬ್ಬರದೊಡನೆ ಕೂಗುತ್ತ ಮೇಲೇಳುತ್ತದೆ. ಆ ಕ್ಷಣದಲ್ಲಿ ಬೇಟೆಗಾರನು ನಿರ್ಣಯಿಸಬೇಕು: ಎದ್ದುದು ಹುಂಜವೋ ಹೇಂಟೆಯೋ? ಹೇಂಟೆಯಾದರೆ ಗುಂಡು ಹಾರಿಸುವುದು ಅಪರಾಧ. ಹೇಂಟೆ ಎದ್ದಾಗ ಸಾಲಿನುದ್ದಕ್ಕೂ ಹೇಂಟೆ, ಹೇಂಟೆ ಎಂದು ಕೂಗೇಳುತ್ತಿತ್ತೆಂದೂ, ಅವಸರಪಟ್ಟು ಹೇಂಟೆಯನ್ನು ಹೊಡೆದ ಹುಡುಗನು ಆ ಮಧ್ಯಾಹ್ನ ಊಟದ ಮೇಜಿನಲ್ಲಿ ತಲೆಯೆತ್ತಲಾರದೆ ಕುಳಿತಿರುತ್ತಿದ್ದನೆಂದೂ ಅವರು ಹೇಳುತ್ತಿದ್ದರು. ಒಂದು ಹುಂಜವು ಹಲವು ಹೇಂಟೆಗಳೊಡನೆ ಕೂಡುವ ಜಾತಿಯಾದ್ದರಿಂದ, ಹುಂಜಗಳನ್ನಷ್ಟೇ ಮಿತವಾಗಿ ಹೊಡೆದರೆ ಮುಂದಿನ ವರ್ಷದ ಮರಿಗಳಿಗೆ ಕೊರತೆಯಾಗದೆಂಬುದು ಈ ವಿಧಿಯ ಹಿಂದಿದ್ದ ವಿಚಾರ. ಒಬ್ಬನಿಗೆ ದಿನಕ್ಕೆ ಮೂರು ಹುಂಜಗಳೆಂಬುದು ಮಿತಿ.

ಮಾಂಸದ ಗಂಧವರಿಯದ ಮನೆಯಲ್ಲಿ ಬೆಳೆದ ನನಗೆ ಮೊದಮೊದಲು ಈ ಕಥೆಗಳನ್ನು ಕೇಳುವುದೇ ಕಷ್ಟವಾಗುತ್ತಿತ್ತು. ಕೊಂದ ಹಕ್ಕಿಯನ್ನು ಕುರಿತು ಇಷ್ಟು ಪ್ರೀತಿಯಿಂದ ಮಾತಾಡುವ ಮನುಷ್ಯನನ್ನು ಏನೆಂದು ತಿಳಿಯುವುದು? ಆದರೆ ಕೇಳುತ್ತ ಕೇಳುತ್ತ ಒಂದು ಸಂಗತಿ ಮನಸ್ಸಿಗೆ ಹತ್ತಿತು. ಯಾವ ಕಾಲುವೆಯ ದಂಡೆಯಲ್ಲಿ, ಯಾವ ವರ್ಷದ ಹಿಮದಲ್ಲಿ, ಯಾವ ನಾಯಿಯ ಮುಂದೆ ಯಾವ ಹುಂಜವೆದ್ದಿತೆಂಬುದನ್ನು ಅರ್ಧ ಶತಮಾನದ ಮೇಲೂ ಬಣ್ಣಿಸಬಲ್ಲವರಾಗಿದ್ದ ಅವರು, ಆ ಹಕ್ಕಿಯು ಎಲ್ಲಿ ಮಲಗುತ್ತದೆ, ಏನನ್ನು ತಿನ್ನುತ್ತದೆ, ಗಾಳಿ ಯಾವ ದಿಕ್ಕಿನಿಂದ ಬೀಸಿದರೆ ಎಲ್ಲಿ ಅಡಗುತ್ತದೆಂಬುದನ್ನು ಆ ಊರಿನಲ್ಲಿ ಮಿಕ್ಕ ಯಾರಿಗಿಂತಲೂ ಚೆನ್ನಾಗಿ ಬಲ್ಲವರಾಗಿದ್ದರು. ಮನುವು ಬೇಟೆಯನ್ನು ಕಾಮಜವಾದ ವ್ಯಸನಗಳಲ್ಲಿ ಎಣಿಸಿ, ಪಾನ, ದ್ಯೂತ, ಸ್ತ್ರೀವ್ಯಸನಗಳ ಸಾಲಿನಲ್ಲಿ ಅತಿ ಕೆಟ್ಟವುಗಳೊಳಗೆ ಒಂದೆಂದನು; ಕೌಟಿಲ್ಯನಾದರೋ ವ್ಯಸನವೆಂದು ಒಪ್ಪಿಯೂ, ಬೇಟೆಯಲ್ಲಿ ದೇಹಕ್ಕೆ ವ್ಯಾಯಾಮವುಂಟು, ಮೃಗಗಳ ಕೋಪಭಯಗಳಲ್ಲಿ ಅವುಗಳ ಚಿತ್ತವನ್ನರಿಯುವ ಲಾಭವುಂಟೆಂದು ವಾದಿಸಿ, ದ್ಯೂತವೇ ಅದಕ್ಕಿಂತ ಕೆಟ್ಟದೆಂದು ತೀರ್ಮಾನಿಸಿದನು. ಪ್ರಾಣಿಯ ಚಿತ್ತವನ್ನರಿತೂ ಅದನ್ನು ಕೊಲ್ಲುವುದು ಹೆಚ್ಚಿನ ಕ್ರೌರ್ಯವೋ, ಅರಿಯದೆ ಕೊಲ್ಲುವುದು ಹೆಚ್ಚಿನದೋ ಎಂಬ ಚರ್ಚೆಗೆ ಅವನು ಇಳಿಯಲಿಲ್ಲ. ಅರ್ಥಶಾಸ್ತ್ರಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ಇನ್ನು ಹಕ್ಕಿಗಳು ಕಡಿಮೆಯಾದ ಬಗೆ. ಫೆಸೆಂಟ್ ಹೇಂಟೆಯು ನೆಲದ ಮೇಲೆ, ಹುಲ್ಲಿನ ಮರೆಯಲ್ಲಿ, ಹತ್ತು ಹನ್ನೆರಡು ಮೊಟ್ಟೆಗಳನ್ನಿಟ್ಟು ಸುಮಾರು ಇಪ್ಪತ್ತಮೂರು ದಿನ ಕಾವು ಕೂರುತ್ತದೆ. ಮೇ ತಿಂಗಳಿನಲ್ಲಿ ಎತ್ತರವಾಗಿ ಬೆಳೆದು ಕರೆಯುವ ಹೊಲವೆಂದರೆ ಕುದುರೆಮೆಂತ್ಯದ ಹೊಲ; ಅದರ ಮೊದಲ ಕೊಯ್ಲು ಬರುವುದು, ಹೇಂಟೆಯು ಕಾವಿನ ನಡುವಿನಲ್ಲಿರುವ ಜೂನಿನ ಆರಂಭಕ್ಕೆ. ಶತ್ರು ಬಂದಾಗ ಕದಲದೆ ಒತ್ತಿ ಕೂರುವುದೇ ಆ ಹಕ್ಕಿಯ ಸಹಜರಕ್ಷೆ. ನರಿಯ ಮುಂದೆ, ಗಿಡುಗದ ಮುಂದೆ ಸಹಸ್ರಾರು ವರ್ಷ ಕಾಪಾಡಿದ ಆ ಮಾತೃಸ್ಥೈರ್ಯವು ಟ್ರ್ಯಾಕ್ಟರಿಗೆ ಕಟ್ಟಿದ ಕೊಯ್ಲುಯಂತ್ರದ ಅಲಗಿನ ಮುಂದೆ ಮೃತ್ಯುವಾಗುತ್ತದೆ. ಕುದುರೆಗಳು ಉಳುತ್ತಿದ್ದ ದಿನಗಳಲ್ಲಿ ಅವುಗಳ ಮೇವಿಗೆಂದು ಪ್ರತಿ ರೈತನೂ ಓಟ್ಸ್ ಬಿತ್ತುತ್ತಿದ್ದನು. ಕುದುರೆ ಹೋಯಿತು, ಓಟ್ಸ್ ಹೊಲವೂ ಅದರ ಹಿಂದೆ ಹೋಯಿತು, ಅಲ್ಲಿ ಗೂಡು ಕಟ್ಟುತ್ತಿದ್ದ ಹಕ್ಕಿಗೆ ಜೋಳ ಮತ್ತು ಸೋಯಾ ಅವರೆಯ ಬತ್ತಲೆಯ ಸಾಲುಗಳು ಉಳಿದವು. ಹೊಲಗಳ ನಡುವಿನ ಬೇಲಿಯ ಪೊದೆಗಳನ್ನು ಕಿತ್ತು ಹೊಲವನ್ನು ಹಿಗ್ಗಿಸಿದರು. ಜೌಗುಗಳ ಕೆಳಗೆ ಮಣ್ಣಿನ ಕೊಳವೆಗಳನ್ನು ಹೂತು ನೀರನ್ನು ಬಸಿದರು. ಕಳೆನಾಶಕವು ಕಳೆಯನ್ನು ಕೊಂದಾಗ ಕಳೆಯ ಮೇಲಿನ ಹುಳುಗಳೂ ಇಲ್ಲವಾಗಿ, ಮೊದಲ ಕೆಲವು ವಾರ ಹುಳುಗಳನ್ನೇ ತಿಂದು ಬದುಕಬೇಕಾದ ಮರಿಗಳು ಹಸಿವಿನಿಂದ ಸತ್ತವು. 1985ರ ಕೃಷಿ ಕಾನೂನು ಸವಕಲು ನೆಲವನ್ನು ಹುಲ್ಲಿಗೆ ಬಿಡುವ ರೈತನಿಗೆ ವರ್ಷವರ್ಷ ಬಾಡಿಗೆ ಕೊಡುವ ಏರ್ಪಾಡು ಮಾಡಿದಾಗ ಹಕ್ಕಿಗಳಿಗೆ ತುಸು ಉಸಿರು ಬಂದಿತ್ತು. ಆದರೆ 2005ರಲ್ಲಿಯೂ 2007ರಲ್ಲಿಯೂ ಮೋಟಾರಿನ ಇಂಧನಕ್ಕೆ ಜೋಳದ ಮದ್ಯಸಾರವನ್ನು ಬೆರೆಸಬೇಕೆಂಬ ಕಾನೂನುಗಳು ಬಂದು, ಜೋಳದ ಬೆಲೆ ಏರಿ, ಹುಲ್ಲಿಗೆ ಬಿಟ್ಟ ನೆಲದ ಒಂದು ಪಾಲು ಮತ್ತೆ ನೇಗಿಲಿಗೆ ಬಂದಿತು. ಆ ವರ್ಷಗಳ ಸಾಲುಸಾಲು ಹಿಮಗಾಲಗಳೂ ತೊಯ್ದ ವಸಂತಗಳೂ ಉಳಿದ ಕೆಲಸವನ್ನು ಮಾಡಿದವು. ಹಿಂದೆ ವರ್ಷವರ್ಷವೂ ಹತ್ತು ಲಕ್ಷಕ್ಕೆ ಮೇಲ್ಪಟ್ಟು ಹುಂಜಗಳು ಬೇಟೆಗಾರರಿಗೆ ದೊರೆಯುತ್ತಿದ್ದ ಅಯೋವಾದಲ್ಲಿ 2011ರಲ್ಲಿ ದೊರೆತುದು ಸುಮಾರು ಒಂದು ಲಕ್ಷ ಒಂಬತ್ತು ಸಾವಿರ. ಅನಂತರ ಸಂಖ್ಯೆ ಚೇತರಿಸಿಕೊಂಡಿದೆ. ಹಿರಿಯರ ಯೌವನದ ವೈಭವವಂತೂ ಮರಳಿಲ್ಲ.

ಇಲ್ಲಿ ಪಾಪಿ ಯಾರು? ಜೈನ ಆಚಾರ್ಯರು ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿದರು: ಬೇಕೆಂದೇ ಕೊಲ್ಲುವುದು ಸಂಕಲ್ಪೀ, ಅಡುಗೆ, ನೀರು, ಗುಡಿಸುವಿಕೆಗಳಲ್ಲಿ ಆಗುವುದು ಆರಂಭೀ, ಜೀವನೋಪಾಯದ ಕಸುಬಿನಲ್ಲಿ ಆಗುವುದು ಉದ್ಯೋಗೀ, ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ. ಮೊದಲನೆಯದನ್ನು ಶ್ರಾವಕನು ಸರ್ವಥಾ ತ್ಯಜಿಸಬೇಕು. ಉಳಿದ ಮೂರನ್ನು ಸಾಧ್ಯವಾದಷ್ಟು ಕುಗ್ಗಿಸಿಕೊಂಡು ಬದುಕಬಹುದು. ಈ ವಿನಾಯಿತಿ ಇಲ್ಲದಿದ್ದರೆ ಬೆಳಗಾವಿ, ಧಾರವಾಡ ಸೀಮೆಗಳಲ್ಲಿ ತಲೆತಲಾಂತರದಿಂದ ನೇಗಿಲು ಹಿಡಿದ ಜೈನ ಒಕ್ಕಲುಗಳು ಬದುಕುವುದೇ ಅಶಕ್ಯವಾಗುತ್ತಿತ್ತು. ನೇಗಿಲಿನ ಹಿಂಸೆಯನ್ನು ನಮ್ಮ ಹಿರಿಯರು ಕಾಣದೆ ಇರಲಿಲ್ಲ. ಕಬ್ಬಿಣದ ಮೊನೆಯ ಮರವು ಭೂಮಿಯನ್ನೂ ಭೂಮಿಯೊಳಗಿನ ಜೀವಿಗಳನ್ನೂ ನೋಯಿಸುವುದರಿಂದ ಕೃಷಿಯನ್ನು ಸಜ್ಜನರು ನಿಂದಿಸುತ್ತಾರೆಂದು ಮನುಸ್ಮೃತಿ ಹೇಳುತ್ತದೆ. ಮಹಾಭಾರತದ ವನಪರ್ವದಲ್ಲಿ, ತನ್ನ ಮೇಲೆ ಹಿಕ್ಕೆ ಹಾಕಿದ ಕೊಕ್ಕರೆಯನ್ನು ಕೋಪದ ನೋಟದಿಂದಲೇ ಸುಟ್ಟ ಕೌಶಿಕನೆಂಬ ಬ್ರಾಹ್ಮಣನು ಕೊನೆಗೆ ಧರ್ಮವನ್ನು ಕೇಳಲು ಹೋಗಬೇಕಾದುದು ಮಿಥಿಲೆಯ ಮಾಂಸದಂಗಡಿಯ ಧರ್ಮವ್ಯಾಧನ ಬಳಿಗೆ. ಆ ವ್ಯಾಧನು ಅವನಿಗೆ, ಉತ್ತಮವೆನ್ನಿಸಿದ ಕೃಷಿಯಲ್ಲಿಯೂ ನೆಲದೊಳಗೆ ಮಲಗಿದ ಎಷ್ಟು ಜೀವಗಳು ಸಾಯುತ್ತವೆಂಬುದನ್ನು ವಿಚಾರಿಸು ಎಂದನು. ಇದು ವ್ಯಾಧನ ಬಾಯಲ್ಲಿ ಬಂದುದು ಆಕಸ್ಮಿಕವಲ್ಲವೆಂದು ನನಗೆ ತೋರುತ್ತದೆ. ತನ್ನ ಕೈಯ ರಕ್ತವನ್ನು ದಿನವೂ ಕಾಣುವವನಿಗೆ ಇತರರ ಕೈಯ ಕಾಣದ ರಕ್ತವೂ ಕಂಡಿತು.

ಆದರೂ ಆ ಕಾಲದ ನೇಗಿಲಿಗೆ ಹುಳುವೊಂದು, ಇಲಿಯೊಂದು ಸಿಕ್ಕುತ್ತಿತ್ತು; ಜಾತಿಯು ಉಳಿಯುತ್ತಿತ್ತು. ಸಣ್ಣದು, ಅನಿವಾರ್ಯ, ಕ್ಷಮ್ಯವೆಂದು ಬಿಟ್ಟ ಹಿಂಸೆಗಳೆಲ್ಲ ಕೂಡಿ ಒಂದು ಸಂತತಿಯ ಬುಡವನ್ನೇ ಕಡಿಯಬಲ್ಲವೆಂಬ ಸಂದರ್ಭವನ್ನು ಶಾಸ್ತ್ರಕಾರರು ಎದುರಿಸಲಿಲ್ಲ. ಅಯೋವಾದ ಉಳುವವನು ಹಕ್ಕಿಯ ಮೇಲೆ ದ್ವೇಷವುಳ್ಳವನಲ್ಲ. ಅನೇಕ ವೇಳೆ ಅವನೇ ಅಕ್ಟೋಬರಿನಲ್ಲಿ ಅದನ್ನು ಅರಸಿ ನಡೆಯುವವನು. ಜೂನಿನಲ್ಲಿ ಸಂಕಲ್ಪವಿಲ್ಲದೆ ಕೊಂದ ಹೇಂಟೆಗಳ ಮುಂದೆ ಅಕ್ಟೋಬರಿನಲ್ಲಿ ಸಂಕಲ್ಪಪೂರ್ವಕವಾಗಿ ಕೊಂದ ಹುಂಜಗಳ ಪರಿಣಾಮವು ಏನೂ ಅಲ್ಲ. ಆದರೆ ಪಾಪಪುಣ್ಯಗಳ ಲೆಕ್ಕವು ಅಕ್ಟೋಬರನ್ನೇ ಹಿಡಿಯುತ್ತದೆ, ಜೂನನ್ನು ಬಿಡುತ್ತದೆ. ಸಂಕಲ್ಪವೊಂದನ್ನೇ ಅಳೆಯುವ ನೀತಿಯು ಈ ಯುಗಕ್ಕೆ ಸಾಲದೆಂಬ ಸಂದೇಹ ನನಗೆ ಹುಟ್ಟಿದುದು ಹೀಗೆ.

ಸಿದ್ಧಾಂತವನ್ನು ಮತ್ತೆ ಓದಿದಾಗ ಸಂದೇಹವು ಸ್ವಲ್ಪ ಬೇರೆಯ ತಿರುವನ್ನು ಪಡೆಯಿತು. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯನ್ನು ಲಕ್ಷಣೀಕರಿಸುವಾಗ ಕೊಲ್ಲುವ ಇಚ್ಛೆಯನ್ನು ಹೆಸರಿಸುವುದಿಲ್ಲ. ಪ್ರಮತ್ತನಾದವನ, ಎಂದರೆ ಎಚ್ಚರದಪ್ಪಿದವನ, ವ್ಯಾಪಾರದಿಂದ ಆಗುವ ಪ್ರಾಣಹಾನಿಯೇ ಹಿಂಸೆಯೆನ್ನುತ್ತದೆ. ಅಮೃತಚಂದ್ರಾಚಾರ್ಯರು ಇನ್ನೂ ಮುಂದೆ ಹೋಗಿ, ಎಚ್ಚರದಿಂದ ನಡೆಯುವವನ ಕಾಲಡಿ ಪ್ರಾಣಿ ಸತ್ತರೂ ಹಿಂಸೆಯಿಲ್ಲ, ಎಚ್ಚರದಪ್ಪಿದವನಿಂದ ಯಾವ ಪ್ರಾಣಿ ಸಾಯದಿದ್ದರೂ ಹಿಂಸೆಯುಂಟೆಂದು ವಿವರಿಸಿದರು. ಹಾಗಾದರೆ ಯಂತ್ರವನ್ನೇರಿದ ರೈತನ ಸ್ಥಿತಿಯೇನು? ಮೊದಲ ವರ್ಷ ಅವನು ಅರಿಯನು. ಅಲಗಿನಲ್ಲಿ ಕಾಲು ಕತ್ತರಿಸಿದ ಹೇಂಟೆಯನ್ನು ಒಮ್ಮೆ ಕಂಡ ಮೇಲೆ, ಮರುವರ್ಷದ ಜೂನಿನಲ್ಲಿ ಅದೇ ಹೊಲಕ್ಕೆ ಇಳಿಯುವವನು ಅರಿಯೆನೆನ್ನಲಾರನು. ಕೊಲ್ಲುವ ಇಚ್ಛೆಯಿಲ್ಲ, ಸಾಯುವುದೆಂಬ ತಿಳಿವುಂಟು. ಈ ಎರಡರ ನಡುವಣ ಸೀಮೆಯಲ್ಲಿಯೇ ಈಗಿನ ಲೋಕದ ಹಿಂಸೆಯೆಲ್ಲ ನಡೆಯುತ್ತಿದೆಯೆಂದರೆ ಅತಿಶಯೋಕ್ತಿಯಾಗದು. ನಾನು ಹೇಳಿದ ಹಿರಿಯರು ಕೆಲವು ಬೇಸಗೆ ಟ್ರ್ಯಾಕ್ಟರಿನ ಮುಂದಕ್ಕೆ ಚಾಚಿದ ಅಡ್ಡಪಟ್ಟಿಯೊಂದರಿಂದ ಸರಪಳಿಗಳನ್ನು ಇಳಿಬಿಟ್ಟು, ಅಲಗು ಮುಟ್ಟುವ ಮೊದಲೇ ಹೇಂಟೆಯೆದ್ದು ಹಾರುವಂತೆ ಮಾಡಲು ಯತ್ನಿಸಿದ್ದರಂತೆ. ಕೆಲಸ ನಿಧಾನವಾಯಿತು, ಮಳೆ ಮುಂದಿತ್ತು. ಪಟ್ಟಿಯನ್ನು ಕೊಟ್ಟಿಗೆಗೆ ಎಸೆದರು. ಅವರಿಗೆ ಅದನ್ನು ಹೇಳುವಾಗ ಬೇಟೆಯ ಕಥೆಗಳಲ್ಲಿ ಎಂದೂ ಇರದ ಸಂಕೋಚವಿರುತ್ತಿತ್ತು.

ಮತ್ತೂ ಒಂದು ತೊಡಕುಂಟು. ಜೈನಶಾಸ್ತ್ರವು ಹಿಂಸೆಯನ್ನು ತಾನು ಮಾಡಿದುದು, ಮಾಡಿಸಿದುದು, ಮಾಡಿದುದಕ್ಕೆ ಅನುಮೋದಿಸಿದುದೆಂದು ಹಂಚಿ, ಮನೋವಾಕ್ಕಾಯಗಳಿಂದಲೂ ಕಷಾಯ ಮೊದಲಾದವುಗಳಿಂದಲೂ ಗುಣಿಸಿ ನೂರೆಂಟು ಬಗೆಯಾಗಿ ಎಣಿಸುತ್ತದೆ. ಈ ಗಣಿತವನ್ನು ನಾನು ಹಿಂದೆ ಪಂಡಿತರ ವಿನೋದವೆಂದು ಎಣಿಸಿದ್ದುಂಟು. ಈಗ ಅದು ಅರ್ಥಶಾಸ್ತ್ರಜ್ಞರ ಕೋಷ್ಟಕಗಳಿಗಿಂತ ವಾಸ್ತವವೆಂದು ಕಾಣುತ್ತದೆ. ಜೋಳದ ಬೆಲೆಯನ್ನು ನಿಶ್ಚಯಿಸುವ ಚಿಕಾಗೋದ ಪೇಟೆ, ಇಂಧನದ ಕಾನೂನು ಮಾಡಿದ ವಾಷಿಂಗ್ಟನ್ನಿನ ಸಭೆ, ವಾಹನಕ್ಕೆ ಅದನ್ನು ತುಂಬಿಸುವ ಲಕ್ಷಾಂತರ ಮಂದಿ, ಸೋಯಾ ಎಣ್ಣೆಯಲ್ಲಿ ಪೂರಿ ಕರಿದು ಶಾಕಾಹಾರಿಯೆಂದು ಸಮಾಧಾನಪಡುವ ಅಲ್ಲಿನ ನಮ್ಮ ಕನ್ನಡದ ಮನೆಗಳು, ಎಲ್ಲರೂ ಕಾರಿತ, ಅನುಮೋದಿತಗಳ ಯಾವುದೋ ಕೊಠಡಿಯಲ್ಲಿ ಸೇರುತ್ತಾರೆ. ಕರ್ಮವನ್ನು ಪ್ರತಿಯೊಂದು ಜೀವವೂ ತಾನೇ ತಾನಾಗಿ ಕಟ್ಟಿಕೊಳ್ಳುವುದಾದರೆ, ಲಕ್ಷಾಂತರ ಮಂದಿಗೆ ಹಂಚಿದ ಒಂದು ಹೇಂಟೆಯ ಸಾವು ಒಬ್ಬೊಬ್ಬರಿಗೆ ಎಷ್ಟು ಅಂಟುತ್ತದೆ? ಹಂಚಿದಷ್ಟೂ ಕಡಿಮೆಯಾಗುತ್ತದೆಯೆಂಬುದು ವ್ಯಾಪಾರದ ನ್ಯಾಯ. ಹಿಟ್ಟಿನ ಕೋಳಿಯ ಕಥೆಯಲ್ಲಿ ತಾಯಿಗೂ ಮಗನಿಗೂ ಪಾಪವು ಅರ್ಧರ್ಧವಾಗಿ ಬರಲಿಲ್ಲ. ಇಬ್ಬರಿಗೂ ಪೂರ್ಣವಾಗಿಯೇ ಬಂದಿತು.

ಇಷ್ಟು ಹೇಳಿದುದರಿಂದ ಬೇಟೆಗಾರನನ್ನು ಪುಣ್ಯಾತ್ಮನೆಂದು ಕೂರಿಸಿದಂತಾಗಬಾರದು. ಅದೇ ದೇಶದಲ್ಲಿ ಸೂರ್ಯನನ್ನು ಮರೆಮಾಡುವಷ್ಟು ದಟ್ಟವಾಗಿ ಹಾರುತ್ತಿದ್ದ ವಲಸೆಯ ಪಾರಿವಾಳಗಳನ್ನು ಬಂದೂಕು ಬಲೆಗಳಿಂದ ಕೊಂದು ಪೀಪಾಯಿಗಳಲ್ಲಿ ತುಂಬಿ ರೈಲಿನಲ್ಲಿ ಸಾಗಿಸಿದರು. ಕೊನೆಯದು 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಆ ನಾಚಿಕೆಯಿಂದಲೇ ಎನ್ನಬಹುದು, ಮುಂದಿನ ತಲೆಮಾರಿನ ಬೇಟೆಗಾರರು ಬದಲಾದರು. ಡೆಮಾಯ್ನ್ ಪತ್ರಿಕೆಯ ವ್ಯಂಗ್ಯಚಿತ್ರಕಾರರೂ ಬೇಟೆಗಾರರೂ ಆಗಿದ್ದ ಡಾರ್ಲಿಂಗ್ ಅವರು 1932ರಲ್ಲಿ ಏಮ್ಸಿನಲ್ಲಿ ವನ್ಯಜೀವಿ ಸಂಶೋಧನೆಗೆ ನೆಲೆ ಮಾಡಿಸಿದರು. ಅಯೋವಾದ ಬರ್ಲಿಂಗ್ಟನ್ನಿನಲ್ಲಿ ಹುಟ್ಟಿ ಬಾಲ್ಯದಿಂದ ಬಂದೂಕು ಹಿಡಿದ ಆಲ್ಡೋ ಲಿಯೊಪೋಲ್ಡ್ ಅವರು, ನೀತಿಯು ಮನುಷ್ಯರ ನಡುವೆ ಮುಗಿಯದೆ ಮಣ್ಣು, ನೀರು, ಗಿಡ, ಪ್ರಾಣಿಗಳವರೆಗೂ ಚಾಚಬೇಕೆಂಬ ವಿಚಾರವನ್ನು ತಮ್ಮ ಮರಣಾನಂತರ 1949ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಪ್ರತಿಪಾದಿಸಿದರು. 1937ರ ಕಾನೂನೊಂದರಂತೆ ಬಂದೂಕು ಮದ್ದುಗುಂಡುಗಳ ಮೇಲಿನ ತೆರಿಗೆಯು ವನ್ಯಜೀವಿಗಳ ನೆಲೆಯ ರಕ್ಷಣೆಗೆ ಹೋಗುತ್ತದೆ. ಕೊಲ್ಲುವುದಕ್ಕಾಗಿ ಕಾಪಾಡುವುದು ಧರ್ಮವೇ ಎಂದು ಕೇಳಿದರೆ ನನ್ನ ಮನಸ್ಸು ಹೌದೆನ್ನಲು ಹಿಂಜರಿಯುತ್ತದೆ. ಆದರೆ ಕೊಲ್ಲಬಾರದೆಂದಷ್ಟೇ ಬಲ್ಲ ನಮ್ಮಂಥವರು ಕಾಪಾಡುವುದಕ್ಕೆಂದು ಏನನ್ನು ತೆತ್ತೆವೆಂಬ ಮರುಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ.

ಅಶೋಕನ ಶಾಸನಗಳು ಈ ಸಂದರ್ಭದಲ್ಲಿ ನೆನಪಾಗುತ್ತವೆ. ಅರಮನೆಯ ಅಡುಗೆಗೆಂದು ಹಿಂದೆ ಲಕ್ಷಗಟ್ಟಲೆ ಪ್ರಾಣಿಗಳು ಸಾಯುತ್ತಿದ್ದವು, ಈಗ ಎರಡು ನವಿಲು, ಒಂದು ಜಿಂಕೆ ಮಾತ್ರ, ಮುಂದೆ ಇವೂ ಇಲ್ಲವೆಂದು ಘೋಷಿಸುವ ಮೊದಲನೆಯ ಬಂಡೆ ಶಾಸನವನ್ನು ಎಲ್ಲರೂ ಮೆಚ್ಚುತ್ತಾರೆ. ಅದು ಸಂಕಲ್ಪದ ತ್ಯಾಗ. ನನಗೆ ಹೆಚ್ಚಾಗಿ ಹಿಡಿಸಿದುದು ಐದನೆಯ ಸ್ತಂಭಶಾಸನದ, ಅಷ್ಟಾಗಿ ಯಾರೂ ಎತ್ತಿ ಆಡ‌ದ ಒಂದು ವಿಧಿ: ಜೀವಿಗಳಿರುವ ಹೊಟ್ಟನ್ನು ಸುಡಬಾರದು. ಹೊಟ್ಟನ್ನು ಸುಡುವವನು ಹೊಟ್ಟನ್ನಷ್ಟೇ ಸುಡಲೆಳಸುತ್ತಾನೆ. ಒಳಗಿನ ಜೀವದ ಮೇಲೆ ಅವನಿಗೆ ಕಣ್ಣಿಲ್ಲ. ಕಣ್ಣಿಲ್ಲದ ಆ ಕೈಯನ್ನೇ ಅರಸನು ತಡೆದನು. ಜೈನಮುನಿಗಳ ಚಾತುರ್ಮಾಸ್ಯವೂ ಇದೇ ಜಾತಿಯ ವಿವೇಕ: ಮಳೆಗಾಲದಲ್ಲಿ ನೆಲವೆಲ್ಲ ಜೀವಮಯವಾಗುವುದರಿಂದ, ಕಾಲಿಗೆ ಎಷ್ಟು ಎಚ್ಚರವಿದ್ದರೂ ಸಾಲದೆಂದು, ನಡೆಯುವುದನ್ನೇ ನಿಲ್ಲಿಸಿ ಒಂದೆಡೆ ನಿಲ್ಲುವುದು.

ಅಯೋವಾದ ಕಾನೂನು ಈಗ ರಸ್ತೆಯ ಪಕ್ಕದ ಹುಲ್ಲನ್ನು ಜುಲೈ 15ಕ್ಕೆ ಮೊದಲು ಕೊಯ್ಯಬಾರದೆಂದು ವಿಧಿಸುತ್ತದೆ. ಅಷ್ಟರೊಳಗೆ ಬಹುಪಾಲು ಹೇಂಟೆಗಳು ಮರಿಗಳೊಡನೆ ಗೂಡನ್ನು ಬಿಟ್ಟಿರುತ್ತವೆ. ತಂದೆಯ ಹೊಲವನ್ನು ಈಗ ಸಾಗಿಸುವ ಆ ಹಿರಿಯರ ಮಗನಿಗೆ ಈ ವಿಧಿ ರುಚಿಸದು; ಬಲಿತ ಹುಲ್ಲಿನಲ್ಲಿ ಸಾರವಿಲ್ಲ, ಕಳೆಯ ಬೀಜ ಹೊಲಕ್ಕೆ ಸಿಡಿಯುತ್ತದೆ, ರಸ್ತೆಯಂಚಿಗೆ ಬಂದ ಕಾನೂನು ನಾಳೆ ತನ್ನ ಕುದುರೆಮೆಂತ್ಯದ ಹೊಲಕ್ಕೂ ಬಂದರೆ ಆರು ವಾರದ ನಷ್ಟವನ್ನು ತುಂಬಿಕೊಡುವವರು ಯಾರು ಎಂದು ಅವನು ಕೇಳುತ್ತಾನೆ. ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಮುನಿಗಳು ನಾಲ್ಕು ತಿಂಗಳು ಒಂದೂರಿನಲ್ಲಿ ನಿಲ್ಲುವುದಕ್ಕೂ ವೆಚ್ಚವುಂಟು. ಅದನ್ನು ಆ ಊರಿನ ಶ್ರಾವಕರು ಹಂಚಿಕೊಂಡು ಹೊರುತ್ತಾರೆ, ಹೊರುವುದನ್ನು ಭಾಗ್ಯವೆಂದೂ ತಿಳಿಯುತ್ತಾರೆ. ಹೇಂಟೆಯ ಆರು ವಾರಗಳ ವೆಚ್ಚವನ್ನು ಹೊರುವ ಶ್ರಾವಕರೆಂದರೆ, ಜೋಳದ ಬೆಲೆ ಏರಿದಾಗಲೆಲ್ಲ ಸೋಲುವ ಸರ್ಕಾರದ ಬಾಡಿಗೆಯೊಂದನ್ನು ಬಿಟ್ಟರೆ, ಇಂದಿನವರೆಗೆ ಮುಂದೆ ಬಂದವರು ಬಹುಮಟ್ಟಿಗೆ ಅಕ್ಟೋಬರಿನಲ್ಲಿ ಬಂದೂಕು ಹಿಡಿದು ನಡೆಯುವವರೇ.